ಅರ್ಧ ಓದಿದ ಸಾಲಿಗೂ ಮರ್ಯಾದೆ ಬೇಕು

ಪುರಾತನ ಭಾಷೆಯೊಂದರ ಗುಟ್ಟು ಬಯಲಾಯಿತು ಎಂಬ ಸುದ್ದಿ ಆಗಾಗ ಬರುತ್ತಲೇ ಇರುತ್ತದೆ. ಈಚೆಗೆ ಅದಕ್ಕೆ ಕೃತಕ ಬುದ್ಧಿಮತ್ತೆಯ ಹೆಸರೂ ಅಂಟಿಕೊಂಡಿದೆ. ನನ್ನ ಹಳೆಯ ವಿದ್ಯಾರ್ಥಿಗಳು ಅಂಥ ಸುದ್ದಿಯನ್ನು ಕಂಡ ಕೂಡಲೇ ನನಗೆ ಕಳಿಸುತ್ತಾರೆ, ‘ಮೇಡಂ, ನೋಡಿದಿರಾ?’ ಎಂದು ಕೇಳುತ್ತಾರೆ. ಮೈಸೂರಿನಲ್ಲಿ ಶಾಸನಶಾಸ್ತ್ರ ಕಲಿಸಿ ನಿವೃತ್ತಳಾದ ನನಗೆ ಇವನ್ನು ಓದುವಾಗ ಸಂತೋಷಕ್ಕಿಂತ ಕಳವಳವೇ ಹೆಚ್ಚು. ಒಂದೇ ಏಟಿಗೆ ಬೀಗ ತೆರೆದವರು ಸುದ್ದಿಯಾಗುತ್ತಾರೆ. ಒಂದು ಪ್ರತ್ಯಯ, ಒಂದು ಹೆಸರು, ಒಂದು ಕ್ರಿಯಾಪದ ಎಂದು ತಲೆಮಾರುಗಟ್ಟಲೆ ಕೂಡಿಸುತ್ತಾ ಬಂದವರು, ಉಳಿದದ್ದು ತಿಳಿಯಲಿಲ್ಲ ಎಂದು ಬರೆದಿಟ್ಟವರು ಸುದ್ದಿಯಾಗುವುದಿಲ್ಲ. ಶಾಸನಗಳ ಓದು ನಿಂತಿರುವುದು ಈ ಎರಡನೆಯವರ ಹೆಗಲ ಮೇಲೆ. ಅದನ್ನು ನನ್ನ ಊರಿನಿಂದ ಬಹು ದೂರದ, ಇಲ್ಲಿ ಹೆಚ್ಚಿನವರು ಹೆಸರೂ ಕೇಳಿರದ ರೇಟಿಕ್ ಎಂಬ ಭಾಷೆಯ ಉದಾಹರಣೆ ಹಿಡಿದು ಹೇಳಬೇಕೆನಿಸಿದೆ.

ಮಗಳು ಮ್ಯೂನಿಕ್‌ನಲ್ಲಿದ್ದಾಳೆ. ಅಲ್ಲಿಂದ ರೈಲು ಹತ್ತಿದರೆ ಇನ್ಸ್‌ಬ್ರುಕ್ ದಾಟಿ, ಬ್ರೆನ್ನರ್ ಕಣಿವೆದಾರಿ ಹತ್ತಿಳಿದು, ಬೋಲ್ಜಾನೊ ಮೂಲಕ ಟ್ರೆಂಟೊ ಸೇರಬಹುದು. ಆಸ್ಟ್ರಿಯದಿಂದ ಇಟಲಿಗೆ ಇಳಿಯುವ ಈ ಹಾದಿಯ ಎರಡೂ ಬದಿಯ ಕಣಿವೆಗಳಲ್ಲಿ, ಕ್ರಿಸ್ತಪೂರ್ವ 5ನೇ ಶತಮಾನದ ಆಸುಪಾಸಿನಿಂದ 1ನೇ ಶತಮಾನದವರೆಗೆ ರೇಟಿಕ್ ಭಾಷೆಯ ಬರಹಗಳು ಸಿಗುತ್ತವೆ. ಆ ಜನರ ಸಂಸ್ಕೃತಿಗೆ ಪುರಾತತ್ತ್ವಜ್ಞರು ಫ್ರಿಟ್ಜೆನ್ಸ್-ಸಂಜೇನೊ ಎಂದು ಎರಡು ಊರುಗಳ ಹೆಸರಿಟ್ಟಿದ್ದಾರೆ. ಒಂದು ಇಂದಿನ ಆಸ್ಟ್ರಿಯದ ಟಿರೋಲ್‌ನಲ್ಲಿದೆ, ಇನ್ನೊಂದು ಇಟಲಿಯ ಸೇಬಿನ ತೋಟಗಳ ನೋನ್ ಕಣಿವೆಯಲ್ಲಿದೆ. ಕ್ರಿಸ್ತಪೂರ್ವ 15ರಲ್ಲಿ ಅಗಸ್ಟಸ್‌ನ ಮಲಮಕ್ಕಳಾದ ಡ್ರೂಸಸ್ ಮತ್ತು ಟೈಬೀರಿಯಸ್ ದಂಡೆತ್ತಿ ಬಂದು ಈ ಕಣಿವೆಗಳನ್ನು ರೋಮ್‌ಗೆ ಸೇರಿಸಿಕೊಂಡರು. ಸೋತ ಬುಡಕಟ್ಟುಗಳ ಹೆಸರುಗಳನ್ನು ಫ್ರಾನ್ಸಿನ ಲಾ ಟುರ್ಬಿ ಎಂಬಲ್ಲಿ ವಿಜಯಸ್ತಂಭವೊಂದರ ಮೇಲೆ ಕೊರೆಸಿದರು. ಆಮೇಲೆ ಲ್ಯಾಟಿನ್ ಹಬ್ಬಿತು, ರೇಟಿಕ್ ಬರಹ ನಿಂತೇಹೋಯಿತು.

ಉಳಿದಿರುವುದು 300ಕ್ಕೂ ಮಿಕ್ಕ ಬರಹಗಳು. ನಮ್ಮ ಶಾಸನಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇವನ್ನು ಊಹಿಸಿಕೊಳ್ಳಬಾರದು. ನಮ್ಮಲ್ಲಿ ಆಳೆತ್ತರದ ಕಲ್ಲು, ಮಂಗಳಾಚರಣೆ, ರಾಜನ ಬಿರುದಾವಳಿ, ದಾನದ ವಿವರ, ಕೊನೆಗೆ ಶಾಪಾಶಯ ಎಲ್ಲ ಇರುತ್ತವೆ. ರೇಟಿಕ್ ಬರಹಗಳಲ್ಲಿ ಹೆಚ್ಚಿನವು ಅಂಗೈಯಲ್ಲಿ ಹಿಡಿಯಬಹುದಾದ ವಸ್ತುಗಳ ಮೇಲಿವೆ: ಜಿಂಕೆಯ ಕೊಂಬಿನ ತುಂಡು, ಮೂಳೆಯ ಚೂರು, ಕಂಚಿನ ಸೌಟಿನ ಹಿಡಿ, ಹರಕೆಗೆ ಒಪ್ಪಿಸಿದ ಪುಟ್ಟ ಕಂಚಿನ ಬೊಂಬೆ, ಮಡಕೆಯ ಚೂರು. ಒಂದು ಪದ, ಎರಡು ಪದ, ಬಹಳವೆಂದರೆ ಐದಾರು ಪದ. ಲ್ಯಾಟಿನ್‌ನಲ್ಲೋ ಗ್ರೀಕ್‌ನಲ್ಲೋ ಪಕ್ಕದಲ್ಲೇ ಅರ್ಥ ಬರೆದಿಟ್ಟ ದ್ವಿಭಾಷಾ ಶಾಸನ ಒಂದೂ ಇಲ್ಲ.

ಇಲ್ಲಿ ಅಕ್ಷರ ಓದುವುದು ಒಂದು ಕೆಲಸ, ಭಾಷೆ ತಿಳಿಯುವುದು ಬೇರೊಂದು ಕೆಲಸ. ಸುದ್ದಿ ಬರೆಯುವವರು ಹೆಚ್ಚಾಗಿ ಎಡವುವುದು ಇದರಲ್ಲೇ. ರೇಟಿಕ್ ಅಕ್ಷರಗಳು ಗೊತ್ತಿರುವ ಅಕ್ಷರಗಳೇ. ಎಟ್ರುಸ್ಕನ್ನರು ಗ್ರೀಕರಿಂದ ಪಡೆದ ವರ್ಣಮಾಲೆ ಉತ್ತರ ಇಟಲಿಯ ನೆರೆಹೊರೆಯವರ ಕೈಯಿಂದ ಕೈಗೆ ದಾಟಿ ಆಲ್ಪ್ಸ್ ಹತ್ತಿತು. ಆದ್ದರಿಂದ ಹೆಚ್ಚಿನ ಬರಹಗಳನ್ನು ಗಟ್ಟಿಯಾಗಿ ಓದಬಹುದು, ಅರ್ಥ ಮಾತ್ರ ಕೈಗೆ ಸಿಗುವುದಿಲ್ಲ. ಕನ್ನಡ ಲಿಪಿ ಬಲ್ಲವರು ತುಳು, ಕೊಡವ, ಕೊಂಕಣಿ ಪುಸ್ತಕಗಳನ್ನು ನಿರರ್ಗಳ ಓದಬಹುದು. ಆ ಭಾಷೆ ಬಾರದಿದ್ದರೆ ಓದಿದ್ದಷ್ಟೇ ಬಂತು. ಲಿಪಿಯನ್ನು ನೋಡಿ ಭಾಷೆಯನ್ನು ಗೊತ್ತುಮಾಡಲಿಕ್ಕೂ ಬರುವುದಿಲ್ಲ. 1811ರಲ್ಲಿ ಇಂದಿನ ಸ್ಲೊವೇನಿಯದ ಜೆನ್ಯಾಕ್ ಎಂಬ ಹಳ್ಳಿಯಲ್ಲಿ ನೆಲದಡಿ ಕಂಚಿನ ಶಿರಸ್ತ್ರಾಣಗಳ ರಾಶಿ ಸಿಕ್ಕಿತು. ನೆಗಾವ್ ಶಿರಸ್ತ್ರಾಣಗಳು ಎಂದು ಅವು ಪ್ರಸಿದ್ಧ. ಅವುಗಳಲ್ಲೊಂದರ ಮೇಲೆ ಬಲದಿಂದ ಎಡಕ್ಕೆ ಉತ್ತರ ಇಟಲಿಯ ಅಕ್ಷರಗಳಲ್ಲಿ ಒಂದು ಸಾಲಿದೆ. ಅಕ್ಷರ ಇಟಲಿಯದಾದರೂ ‘ಹರಿಗಸ್ತಿ ತೆಯ್ವ’ ಎಂಬ ಆ ಮಾತು ಜರ್ಮಾನಿಕ್ ಭಾಷೆಯದು. ಅದೊಬ್ಬ ದೇವರ ಹೆಸರೋ ಮನುಷ್ಯನ ಹೆಸರೋ ಎಂಬ ವಾದ ಇನ್ನೂ ಮುಗಿದಿಲ್ಲ.

ಅಕ್ಷರ ಗೊತ್ತಿದೆ ಎಂದರೂ ರೇಟಿಕ್ ಓದು ಸಲೀಸಲ್ಲ. ಬಹುಪಾಲು ಬರಹ ಬಲದಿಂದ ಎಡಕ್ಕೆ ಹೋಗುತ್ತದೆ, ಕೆಲವು ಎಡದಿಂದ ಬಲಕ್ಕೆ. ಪದಗಳ ನಡುವೆ ಎಲ್ಲೋ ಒಂದೊಂದು ಕಡೆ ಚುಕ್ಕಿ ಇಟ್ಟಿರುತ್ತಾರೆ, ಎಷ್ಟೋ ಕಡೆ ಅದೂ ಇಲ್ಲ. ಸಂಜೇನೊ ಸುತ್ತಲಿನ ವರ್ಣಮಾಲೆ ಒಂದು ಬಗೆ, ತೆಂಕಣದ ಸ್ಕಿಯೊ ಪಟ್ಟಣದ ಬಳಿಯ ಮಾಗ್ರೆಯ ವರ್ಣಮಾಲೆ ಇನ್ನೊಂದು ಬಗೆ. ಪಕಾರ, ಲಕಾರ, ಉಕಾರಗಳ ರೂಪದಲ್ಲೇ ಇವೆರಡಕ್ಕೂ ವ್ಯತ್ಯಾಸ. ಒಂದು ಕಡೆ ನೆಟ್ಟಗೆ ನಿಂತ ಗುರುತು ಇನ್ನೊಂದು ಕಡೆ ತಲೆಕೆಳಗಾಗಿ ನಿಲ್ಲುತ್ತದೆ. ಇಂಥ ಕಡೆ, ಕೊಂಬಿನ ತುಂಡನ್ನು ಯಾವ ತುದಿಯಿಂದ ಹಿಡಿದು ನೋಡುತ್ತೀರಿ ಎಂಬುದರ ಮೇಲೆ ಅಕ್ಷರವೇ ಬದಲಾಗಬಹುದು. ಇವೆರಡರಲ್ಲೂ ರೇಟಿಕ್‌ಗೇ ವಿಶಿಷ್ಟವಾದ ಒಂದು ಅಕ್ಷರವಿದೆ. ಸಂಜೇನೊ ಕಡೆ ಅದು ಬಾಣದ ಹಾಗೆ, ಮಾಗ್ರೆ ಕಡೆ ಏಣಿಯ ಹಾಗೆ ಕಾಣುತ್ತದೆ. ತ-ಸ ಕೂಡಿದಂಥ ಒಂದು ದಂತ್ಯ ಧ್ವನಿಗೆ ಅದು ನಿಂತಿದೆ ಎಂಬ ತೀರ್ಮಾನಕ್ಕೆ ಬರಲು ವಿದ್ವಾಂಸರಿಗೆ ಬಹಳ ಕಾಲ ಹಿಡಿಯಿತು. ಆ ಒಂದು ಅಕ್ಷರ ಮುಂದೆ ಎಷ್ಟು ಕೆಲಸಕ್ಕೆ ಬಂತು ಎಂಬುದನ್ನು ಆಮೇಲೆ ಹೇಳುತ್ತೇನೆ.

ಟ್ರೆಂಟೊದ ಬುವನ್‌ಕೊನ್ಸಿಲಿಯೊ ಕೋಟೆಯ ಮ್ಯೂಸಿಯಮ್ಮಿನಲ್ಲಿ ಒಂದು ಕಂಚಿನ ಬಕೆಟ್ಟಿದೆ. ಸೆಂಬ್ರಾ ಕಣಿವೆಯ ಕಾಸ್ಲಿರ್ ಎಂಬ ಗುಡ್ಡದಲ್ಲಿ 1825ರಲ್ಲಿ ಸಿಕ್ಕಿದ್ದು. ನಮ್ಮ ಹಳೆಯ ಮನೆಗಳಲ್ಲಿ ಬಾವಿಯ ನೀರು ಸೇದುತ್ತಿದ್ದಂಥದಲ್ಲ, ಹಬ್ಬದೂಟದಲ್ಲಿ ದ್ರಾಕ್ಷಾರಸ ಹಂಚಲು ಬಳಸುತ್ತಿದ್ದಂಥದು. ಮೈಯೆಲ್ಲ ತೆಳುವಾದ ಕಂಚಿನ ತಗಡು, ಮೇಲೆ ಎತ್ತಿಳಿಸುವ ಹಿಡಿ. ಹಿಡಿಯ ಮೇಲೆ, ಬಾಯಿಯಂಚಿನ ಮೇಲೆ ಅಕ್ಷರಗಳಿವೆ. ಗಾಜಿನ ಹೊರಗೆ ನಿಂತು, ದೀಪದ ಹೊಳಪು ಅಡ್ಡಬಾರದ ಕಡೆಗೆ ಸರಿದು, ತಲೆ ವಾಲಿಸಿ ನೋಡಿದರೆ ಅಕ್ಷರಗಳು ಒಂದೊಂದಾಗಿ ಎದ್ದು ಕಾಣುತ್ತವೆ. ಕೊರೆದವನ ಕೈ ಪಳಗಿದ್ದು ಎನಿಸಿತು. ಕಲ್ಲಿನ ಮೇಲೆ ಒದ್ದೆ ಕಾಗದ ಹಾಸಿ, ಬ್ರಷ್ಷಿನಿಂದ ಬಡಿದು, ಮಸಿ ಒತ್ತಿ ಪಡಿಯಚ್ಚು ತೆಗೆದ ನನ್ನಂಥವರಿಗೆ ಮುಟ್ಟಲಾಗದ ಅಕ್ಷರದ ಎದುರು ಬೆರಳು ತಾನಾಗಿ ಚಡಪಡಿಸುತ್ತದೆ.

ಈ ಬಕೆಟ್ಟು ಸಿಕ್ಕ ಮೇಲೆ ಟ್ರೆಂಟೊದ ಗಣ್ಯ, ಇತಿಹಾಸಪ್ರೇಮಿ ಬೆನೆದೆತ್ತೊ ಜೊವನೆಲ್ಲಿ ಅದರ ಮೇಲೆ ಬರೆದರು. ಅಲ್ಲಿಂದ ಶುರುವಾದ ಚರ್ಚೆಗೆ ಸುಮಾರು ಇನ್ನೂರು ವರ್ಷವಾಗಿದೆ. ಬಕೆಟ್ಟಿನ ಮೇಲೆ ಓದಿರುವ ಸಾಲುಗಳಲ್ಲಿ ಒಂದು ‘ಲವಿಸೆಸೆಲಿ’, ಒಂದು ‘ವೆಲ್ಖನು’, ಇನ್ನೊಂದರಲ್ಲಿ ‘ವಿನುತಲಿನ’, ಮತ್ತೊಂದು ‘ಕುಸೆನ್ಕುಸ್ತ್ರಿನಖೆ’. ಈಗ ಯಾರೇ ಆದರೂ ಏನು ಮಾಡುತ್ತಾರೆ? ವೆಲ್ಖನು ಎಂದರೆ ರೋಮನ್ನರ ಅಗ್ನಿದೇವ ವಲ್ಕನ್ ಇರಬೇಕು. ವಿನು ಎಂದರೆ ವೈನ್. ಪಾತ್ರೆಯೇ ದ್ರಾಕ್ಷಾರಸದ್ದಲ್ಲವೇ! ಲವಿಸ್ ಎಂದರೆ ಊರು. ಸೆಂಬ್ರಾ ಕಣಿವೆಯಲ್ಲಿ ಹರಿಯುವ ಅವಿಸಿಯೊ ಹೊಳೆ ಬಯಲಿಗೆ ಇಳಿಯುವ ಬಾಯಲ್ಲಿ ಇಂದಿಗೂ ಲಾವಿಸ್ ಎಂಬ ಪಟ್ಟಣವಿದೆ. ದೇವರು, ದ್ರಾಕ್ಷಾರಸ, ಊರು ಮೂರೂ ಸಿಕ್ಕಿದವು; ಶಾಸನ ಓದಿದ್ದಾಯಿತು. ಹೀಗೆ ಓದಿದವರೂ ಇದ್ದಾರೆ, ಅವರು ಸಣ್ಣ ವಿದ್ವಾಂಸರೇನಲ್ಲ.

ಆದರೆ ಆ ‘ನು’ ಎಂಬ ಅಕ್ಷರದ ಕಡೆ ನೋಡಿ. ರೇಟಿಕ್ ಬರಹಗಳನ್ನೆಲ್ಲ ಒಟ್ಟಿಗೆ ಹರಡಿಕೊಂಡು ಕೂತರೆ, ಪದದ ಕೊನೆಯಲ್ಲಿ ‘ನು’ ಮತ್ತೆ ಮತ್ತೆ ಎದುರಾಗುತ್ತದೆ. ಅದರ ಗುಟ್ಟು ತಿಳಿಯಲು ಬಕೆಟ್ಟನ್ನು ಬಿಟ್ಟು ಬೆಟ್ಟ ಹತ್ತಬೇಕು. ಟಿರೋಲ್‌ನ ಸ್ಟೈನ್‌ಬೆರ್ಗ್ ಎಂಬ ಹಳ್ಳಿಯ ಮೇಲೆ, ಬಂಡೆಯ ಸಂದಿಯಲ್ಲಿ ಒಸರುವ ಒಂದು ನೀರಿನ ಸೆಲೆಯ ಬಳಿ, ಗೋಡೆಯ ಮೇಲೆ ಕೊರೆದ ಕೆಲವು ಸಾಲುಗಳು 1957ರಲ್ಲಿ ಬೆಳಕಿಗೆ ಬಂದವು. ಒಂದೆರಡು ಅಕ್ಷರಗಳ ಬಗ್ಗೆ ವಾದವಿದ್ದರೂ ಒಂದು ಸಾಲಿನ ಓದು ಹೆಚ್ಚುಕಡಿಮೆ ಹೀಗಿದೆ: ‘ಕಸ್ತ್ರಿಯೆಸಿ ಎತುನ್ನುಅಲೆ’. ಇನ್ನೊಂದು: ‘ಎಸಿಮ್ನೆಸಿ ಕಸ್ತ್ರಿನುಅಲೆ’. ಎರಡನ್ನೂ ಒಂದರ ಕೆಳಗೊಂದು ಬರೆದು ನೋಡಿ. ಮೊದಲ ಪದದ ಕೊನೆಗೆ ಎರಡೂ ಕಡೆ ‘ಸಿ’. ಎರಡನೆಯ ಪದದ ಕೊನೆಗೆ ಎರಡೂ ಕಡೆ ‘ನುಅಲೆ’. ಮೊದಲ ಸಾಲಿನಲ್ಲಿ ಆರಂಭದಲ್ಲಿ ಬಂದ ಕಸ್ತ್ರಿ ಎಂಬ ಹೆಸರು, ಎರಡನೆಯ ಸಾಲಿನಲ್ಲಿ ‘ನು’ ಹಚ್ಚಿಕೊಂಡು ಹಿಂದಿನ ಜಾಗಕ್ಕೆ ಹೋಗಿದೆ. ಅಂದಮೇಲೆ ‘ನು’ ಎಂದರೆ ‘ಇಂಥವರ ಮಗ’. ಎತುನ್‌ನ ಮಗ ಕಸ್ತ್ರಿಯೆ. ಕಸ್ತ್ರಿಯೆಯ ಮಗ ಎಸಿಮ್ನೆ. ಬಹುಶಃ ಅಪ್ಪ ಮಗ ಇಬ್ಬರೂ ಆ ಸೆಲೆಯ ಹತ್ತಿರ ಹರಕೆ ಒಪ್ಪಿಸಲು ಬಂದವರು. ಗಂಡಸರ ಹೆಸರಿಗೆ ‘ನು’ ಆದರೆ ಹೆಂಗಸರ ಹೆಸರಿಗೆ ‘ನ’ ಬರುತ್ತದೆ ಎಂಬುದೂ ಬೇರೆ ಬರಹಗಳಿಂದ ಗೊತ್ತಾಗಿದೆ.

ನಮ್ಮ ವೀರಗಲ್ಲುಗಳಲ್ಲಿ ಇಂಥವರ ಮಗ ಇಂಥವನು ಎಂದು ಓದಿ ಓದಿ ರೂಢಿಯಾದ ನನಗೆ, ಅರ್ಥವಾಗದ ಭಾಷೆಯೊಂದರಲ್ಲಿ ಅದೇ ಮಾತು ಹೀಗೆ ತಾನಾಗಿ ಬಿಡಿಸಿಕೊಂಡು ಬಂದದ್ದು ಎಷ್ಟು ಹಿಗ್ಗು ತಂದಿತೆಂದು ಹೇಳಲಾರೆ. ಇಲ್ಲಿ ಯಾರೂ ಯಾವ ಪದದ ಅರ್ಥವನ್ನೂ ಊಹಿಸಲಿಲ್ಲ. ಪದಗಳು ಎಲ್ಲಿ ಕೂತಿವೆ, ಏನು ಹಚ್ಚಿಕೊಂಡಿವೆ ಎಂಬುದನ್ನಷ್ಟೇ ನೋಡಿದರು.

ಈಗ ಮತ್ತೆ ಬಕೆಟ್ಟಿಗೆ ಬನ್ನಿ. ‘ವೆಲ್ಖನು’ ಕೊನೆಯಾಗುವುದು ‘ನು’ವಿನಿಂದ. ‘ವಿನು’ ಎಂಬಲ್ಲೂ ಅದೇ ‘ನು’. ದೇವರು ಎಂದುಕೊಂಡದ್ದು ಯಾರದೋ ತಂದೆಯ ಹೆಸರು ಹೊತ್ತ ಒಬ್ಬ ಮನುಷ್ಯನಿರಬಹುದು. ದ್ರಾಕ್ಷಾರಸ ಎಂದುಕೊಂಡದ್ದು ಹೆಸರೊಂದರ ಬಾಲವಿರಬಹುದು. ವೈನ್ ಅಲ್ಲವೇ ಅಲ್ಲ ಎಂದು ನಾನು ಹೇಳುತ್ತಿಲ್ಲ. ವೈನ್ ಎನ್ನಲು ನಮಗಿರುವ ಕಾರಣ ಪಾತ್ರೆಯೇ ಹೊರತು ಬರಹವಲ್ಲ ಎನ್ನುತ್ತಿದ್ದೇನೆ. ಸೌಟಿನ ಮೇಲಿದ್ದರೆ ಅದು ಊಟದ ಮಾತು, ಕತ್ತಿಯ ಮೇಲಿದ್ದರೆ ಯುದ್ಧದ ಮಾತು, ಕೊಂಬಿನ ಮೇಲಿದ್ದರೆ ಬೇಟೆಯ ಮಾತು ಎಂದು ಓದುತ್ತಾ ಹೋದರೆ ನಾವು ವಸ್ತುವನ್ನು ಓದಿದಂತಾಗುತ್ತದೆ, ಅಕ್ಷರವನ್ನಲ್ಲ. ವಸ್ತುಗಳ ಮೇಲೆ ಜನ ಸಾಮಾನ್ಯವಾಗಿ ಬರೆಯುವುದು ವಸ್ತುವಿನ ಬಗ್ಗೆ ಅಲ್ಲ, ತಮ್ಮ ಹೆಸರನ್ನು. ನಮ್ಮ ಮನೆಗಳ ಸ್ಟೀಲ್ ಪಾತ್ರೆಗಳ ಅಂಚು ನೋಡಿದರೆ ಸಾಕು.

‘ಸಿ’ ಮತ್ತು ‘ಅಲೆ’ಗಳ ಕಥೆ ಇದಕ್ಕಿಂತ ದೊಡ್ಡದು. ‘ಇಂಥವರಿಂದ’ ಅಥವಾ ‘ಇಂಥವರಿಗೆ’ ಎಂಬ ಸಂಬಂಧ ಹೇಳುವ ಇವೇ ಎರಡು ಪ್ರತ್ಯಯಗಳು ಎಟ್ರುಸ್ಕನ್ ಭಾಷೆಯಲ್ಲಿವೆ. ಎಟ್ರುಸ್ಕನ್‌ನಲ್ಲಿ ‘ಜಿನಕೆ’ ಎಂಬ ಕ್ರಿಯಾಪದವಿದೆ, ಮಾಡಿದ ಎಂಬ ಅರ್ಥದ್ದು. ರೇಟಿಕ್‌ನಲ್ಲಿ, ಮೇಲೆ ಹೇಳಿದ ಬಾಣದಂಥ ವಿಶೇಷ ಅಕ್ಷರದಿಂದ ಶುರುವಾಗಿ ‘ಇನಖೆ’ ಎಂದು ಮುಗಿಯುವ ಕ್ರಿಯಾಪದವಿದೆ. ಆ ಅಕ್ಷರದ ಧ್ವನಿ ಗೊತ್ತಾಗದೆ ಇದ್ದಿದ್ದರೆ ಎರಡೂ ಒಂದೇ ಬೇರಿನವೆಂದು ಯಾರಿಗೂ ಹೊಳೆಯುತ್ತಿರಲಿಲ್ಲ. ಬಕೆಟ್ಟಿನ ಮೇಲಿನ ‘ಕುಸೆನ್ಕುಸ್ತ್ರಿನಖೆ’ಯ ಕೊನೆಗೂ ಅದೇ ಭೂತಕಾಲದ ‘ಖೆ’ ಕಾಣುತ್ತದೆ. ಇನ್ನೂ ಒಂದು ಸಂಗತಿ. ಎಟ್ರುಸ್ಕನ್‌ನಂತೆ ರೇಟಿಕ್ ಬರಹದಲ್ಲೂ ಒಕಾರವಿಲ್ಲ. ಗ, ದ, ಬ ಧ್ವನಿಗಳಿಗೆ ಅಕ್ಷರ ಬಳಸಿಲ್ಲ. ಇವನ್ನೆಲ್ಲ ಕೂಡಿಸಿ ಹೆಲ್ಮುಟ್ ರಿಕ್ಸ್ ಎಂಬ ಜರ್ಮನ್ ಭಾಷಾವಿಜ್ಞಾನಿ 1998ರಲ್ಲಿ ಒಂದು ಕಿರುಪುಸ್ತಕ ಬರೆದು, ರೇಟಿಕ್ ಮತ್ತು ಎಟ್ರುಸ್ಕನ್ ಒಂದೇ ಕುಟುಂಬದ ಭಾಷೆಗಳು ಎಂದು ತೋರಿಸಿಕೊಟ್ಟರು. ಏಜಿಯನ್ ಸಮುದ್ರದ ಲೆಮ್ನೋಸ್ ದ್ವೀಪದಲ್ಲಿ 1885ರಲ್ಲಿ ಸಿಕ್ಕ ಕಲ್ಲಿನ ಭಾಷೆಯೂ ಇದೇ ಕುಟುಂಬದ್ದು. ರಿಕ್ಸ್‌ರ ಪುಸ್ತಕಕ್ಕಿಂತ ಮೊದಲೇ, 1992ರಲ್ಲಿ, ಸ್ಟೆಫಾನ್ ಶುಮಾಖರ್ ಅದುವರೆಗಿನ ಎಲ್ಲ ರೇಟಿಕ್ ಬರಹಗಳನ್ನು ಒಂದು ಕ್ರಮಕ್ಕೆ ತಂದು ಪ್ರಕಟಿಸಿದ್ದರು. ಅಂಥ ಸಂಕಲನ ಮುಂದಿರದಿದ್ದರೆ ಸಾಲುಗಳನ್ನು ಅಕ್ಕಪಕ್ಕ ಇಟ್ಟು ಹೋಲಿಸುವುದೇ ಸಾಧ್ಯವಿಲ್ಲ.

ರೋಮನ್ ಇತಿಹಾಸಕಾರ ಲಿವಿ ಎರಡು ಸಾವಿರ ವರ್ಷಗಳ ಹಿಂದೆಯೇ ಹೆಚ್ಚುಕಡಿಮೆ ಇದನ್ನೇ ಹೇಳಿದ್ದ: ರೇಟಿಯನ್ನರು ಎಟ್ರುಸ್ಕನ್ನರ ಮೂಲದವರು, ಬೆಟ್ಟದ ವಾಸದಿಂದ ಒರಟಾದವರು, ಅವರಲ್ಲಿ ಉಳಿದಿರುವುದು ಹಳೆಯ ಮಾತಿನ ದನಿ ಮಾತ್ರ, ಅದೂ ಕೆಟ್ಟಿದೆ ಎಂದು. ಆತ ಈಗಿನ ಪಾದೊವಾದವನು, ಆಲ್ಪ್ಸ್‌ಗೆ ಹತ್ತಿರದವನು. ಆದರೆ ಲಿವಿ ಹೇಳಿದ ಎಂಬುದು ಪುರಾವೆಯಾಗಲಿಲ್ಲ. ‘ಸಿ’, ‘ಅಲೆ’, ‘ನು’ ಎಂಬ ಮೂರು ಚಿಕ್ಕ ಬಾಲಗಳು ಪುರಾವೆಯಾದವು. ಸಂಬಂಧವನ್ನು ಒಪ್ಪಿದರೂ ಯಾರು ಯಾರಿಂದ, ಎಲ್ಲಿಂದ ಬಂದರು ಎಂಬ ಲಿವಿಯ ಕಥೆಯನ್ನು ಒಪ್ಪಲೇಬೇಕೆಂದಿಲ್ಲ. ಇಲ್ಲೇ ಇನ್ನೊಂದು ಗೊಂದಲವನ್ನೂ ಬಿಡಿಸಿಬಿಡಬೇಕು. ಸ್ವಿಟ್ಜರ್ಲೆಂಡಿನಲ್ಲಿ ಇಂದು ಆಡುವ ರೊಮಾನ್ಶ್ ಭಾಷೆಯನ್ನು ರೇಟೊ-ರೊಮಾನ್ಸ್ ಎಂದೂ ಕರೆಯುವುದರಿಂದ ಅದು ರೇಟಿಕ್‌ನ ಮಗು ಎಂದು ತಿಳಿಯುವವರಿದ್ದಾರೆ. ಅದು ಲ್ಯಾಟಿನ್‌ನ ಮಗು. ಹಳೆಯ ಪ್ರಾಂತ್ಯದ ಹೆಸರು ಅದಕ್ಕೆ ಅಂಟಿದೆ, ಅಷ್ಟೇ.

ಅಷ್ಟರ ಮಟ್ಟಿಗೆ ಇದು ತಾಳ್ಮೆಯ ಓದು. 1987ರಲ್ಲಿ ಲೀನುಸ್ ಬ್ರುನ್ನರ್ ಮತ್ತು ಆಲ್ಫ್ರೆಡ್ ಟೋತ್ ಎಂಬಿಬ್ಬರು ಬೇರೊಂದು ಬಗೆಯ ಪುಸ್ತಕ ಹೊರತಂದರು. ರೇಟಿಕ್‌ನ ಒಗಟು ಬಿಡಿಸಿದ್ದಾಯಿತು ಎಂದು ಅದರ ಹೆಸರೇ ಸಾರಿತು. ಅವರ ಪ್ರಕಾರ ರೇಟಿಕ್ ಎಂಬುದು ಹೀಬ್ರೂ, ಅರಬ್ಬಿ, ಅಕ್ಕಾಡಿಯನ್‌ಗಳಂಥ ಸೆಮಿಟಿಕ್ ಭಾಷೆ. ವಿದ್ವತ್ ಲೋಕ ಅದನ್ನು ಒಪ್ಪಲಿಲ್ಲ. ಆದರೆ ಅಂಥ ಪುಸ್ತಕ ಯಾಕೆ ಮನಸ್ಸನ್ನು ಗೆಲ್ಲುತ್ತದೆ ಎಂಬುದು ನನಗೆ ಅರ್ಥವಾಗುತ್ತದೆ. ಅದು ಯಾವ ಅಕ್ಷರವನ್ನೂ ಬಿಡದೆ ಪೂರ್ತಿ ವಾಕ್ಯ ಕೊಡುತ್ತದೆ. ಬಿಡಿಸಿಟ್ಟ ಪದಗಳಿಲ್ಲದ ಒಂದು ಸಾಲನ್ನು ಎಲ್ಲಿ ಬೇಕಾದರೂ ಕತ್ತರಿಸುವ ಸ್ವಾತಂತ್ರ್ಯ ನಿಮಗಿದ್ದು, ಹೋಲಿಕೆಗೆ ಇಡೀ ಒಂದು ಭಾಷಾಕುಟುಂಬದ ನಿಘಂಟುಗಳು ಕೈಯಲ್ಲಿದ್ದರೆ, ಯಾವ ಸಾಲಿನಿಂದಲೂ ಅರ್ಥ ಹೊರಡಿಸಬಹುದು. ಹಾಗೆ ಒಂದು ಸಾಲಿನಲ್ಲಿ ಸಿಕ್ಕ ಪದ ಇನ್ನೊಂದು ವಸ್ತುವಿನ ಮೇಲೆ, ಅದೇ ಜಾಗದಲ್ಲಿ, ಅದೇ ಅರ್ಥಕ್ಕೆ ಒಗ್ಗುತ್ತದೆಯೇ? ನಾನು ಕೇಳುವ ಪ್ರಶ್ನೆ ಇದೊಂದೇ. ‘ನು’ ಈ ಪರೀಕ್ಷೆಯಲ್ಲಿ ಗೆಲ್ಲುತ್ತದೆ.

ಈ ಮಾತು ಕನ್ನಡಿಗರಿಗೂ ಸಲ್ಲುತ್ತದೆ. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕ, 1903ರಲ್ಲಿ ಪ್ರಕಟವಾದ ಗ್ರೀಕ್ ಪ್ರಹಸನದ ಕಥೆ ನಮ್ಮ ಶಾಲಾಪಠ್ಯಗಳಲ್ಲೂ ಸುಳಿದಾಡಿದೆ. ಭಾರತದ ಕಡಲ ದಂಡೆಯಲ್ಲಿ ಸೆರೆಸಿಕ್ಕ ಖಾರಿಟಿಯನ್ ಎಂಬ ಹೆಣ್ಣು, ಅಲ್ಲಿನ ರಾಜ, ಅವನ ಬಾಯಲ್ಲಿ ಗ್ರೀಕ್ ಅಲ್ಲದ ಮಾತು. 1904ರಲ್ಲಿ ಹುಲ್ಚ್ ಆ ಮಾತುಗಳಲ್ಲಿ ಕನ್ನಡ ಕಂಡರು. ಆರ್. ಶಾಮಶಾಸ್ತ್ರಿಗಳು, ಎಂ. ಗೋವಿಂದ ಪೈಗಳು ಅದನ್ನು ಮುಂದುವರಿಸಿದರು. ಆಮೇಲೆ ತುಳು ಎಂದವರೂ ಬಂದರು. ಇವರೆಲ್ಲ ನಾನು ಕೈಮುಗಿಯುವ ವಿದ್ವಾಂಸರು. ಆದರೂ ಹೇಳಬೇಕು. ರಂಗದ ಮೇಲೆ ಕುಡಿತ ನಡೆಯುತ್ತಿರುವಾಗ ಬಂದ ಮಾತಿನಲ್ಲಿ ಪಾನದ ಪದಗಳನ್ನು ಕಾಣುವುದಕ್ಕೂ, ಬಕೆಟ್ಟಿನ ಮೇಲೆ ವೈನ್ ಕಾಣುವುದಕ್ಕೂ ದಾರಿ ಒಂದೇ. ಅದು ಊಹೆ, ಒಳ್ಳೆಯ ಊಹೆಯೇ ಇರಬಹುದು. ಕನ್ನಡ ಎರಡನೆಯ ಶತಮಾನದಲ್ಲೇ ಈಜಿಪ್ಟಿನ ರಂಗಭೂಮಿಯಲ್ಲಿ ಮೊಳಗಿತ್ತು ಎಂದು ಭಾಷಣಗಳಲ್ಲಿ ಸಿದ್ಧಾಂತದಂತೆ ಹೇಳುವಷ್ಟು ಬಲ ಅದಕ್ಕಿಲ್ಲ. ಕನ್ನಡದ ಹಳಮೆಯನ್ನು ಸಾರಲು ಹಲ್ಮಿಡಿಯಂಥ ಕಲ್ಲುಗಳಿವೆ. ಅವನ್ನು ನಾವು ಅಕ್ಷರ ಅಕ್ಷರವಾಗಿ ಓದಬಲ್ಲೆವು.

ಇನ್ನು ಕಂಪ್ಯೂಟರಿನ ವಿಷಯ. ಡೀಪ್‌ಮೈಂಡ್ ಸಂಸ್ಥೆಯವರು ವಿದ್ವಾಂಸರ ಜೊತೆಗೂಡಿ 2022ರಲ್ಲಿ ಪ್ರಕಟಿಸಿದ ‘ಇಥಾಕಾ’ ಎಂಬ ವ್ಯವಸ್ಥೆ ಗ್ರೀಕ್ ಶಾಸನಗಳಲ್ಲಿ ಒಡೆದುಹೋದ ಅಕ್ಷರಗಳನ್ನು ತುಂಬಲು ನೆರವಾಗುತ್ತದೆ. ನನಗೆ ಅದರ ಮೇಲೆ ಗೌರವವಿದೆ. ಅದು ಕಲಿತದ್ದು ಹತ್ತಾರು ಸಾವಿರ ಗ್ರೀಕ್ ಶಾಸನಗಳಿಂದ, ಅದೂ ಭಾಷೆ ಪೂರ್ತಿ ಗೊತ್ತಿರುವಾಗ. ಮುನ್ನೂರು ಚಿಲ್ಲರೆ ಬರಹ, ಒಂದೊಂದರಲ್ಲಿ ಎರಡು ಮೂರು ಪದ, ಅದರಲ್ಲೂ ಬಹುಪಾಲು ವ್ಯಕ್ತಿಗಳ ಹೆಸರು. ಇಷ್ಟರಿಂದ ಯಂತ್ರವಾಗಲಿ ಮನುಷ್ಯನಾಗಲಿ ಒಂದು ಭಾಷೆಯ ಶಬ್ದಕೋಶ ಕಟ್ಟಲಾರರು. ಹೆಸರುಗಳಿಗೆ ಅರ್ಥ ಹುಡುಕಿ ಫಲವೂ ಇಲ್ಲ. ರೇಟಿಕ್‌ನಲ್ಲಿ ಮುಂದಿನ ಹೆಜ್ಜೆ ಇಡಿಸುವುದು ಹೊಸದಾಗಿ ಮಣ್ಣಿನಿಂದ ಬರುವ ತುಂಡುಗಳು. ಅದಕ್ಕೇ ನನಗೆ ಇನ್ನೊಂದು ಸಿಟ್ಟಿದೆ. ಲೋಹಶೋಧಕ ಹಿಡಿದು ಕದ್ದು ಅಗೆಯುವವರು ಆಲ್ಪ್ಸ್‌ನಲ್ಲೂ ಇದ್ದಾರೆ. ಹರಕೆಯ ಬೆಂಕಿ ಉರಿದ ಜಾಗದಿಂದ ಕಿತ್ತು ತಂದು ಮಾರಿದ ಕಂಚಿನ ಬೊಂಬೆಯ ಮೇಲೆ ಎಂಟು ಅಕ್ಷರವಿದ್ದರೂ, ಅದು ಯಾವ ಕಣಿವೆಯದು, ಸಂಜೇನೊ ಬಗೆಯದೋ ಮಾಗ್ರೆ ಬಗೆಯದೋ ಗೊತ್ತಿಲ್ಲದ ಮೇಲೆ ನೆಟ್ಟಗಿನ ಗುರುತನ್ನೂ ತಲೆಕೆಳಗಿನ ಗುರುತನ್ನೂ ಹೇಗೆ ಬೇರೆಮಾಡುವುದು? ನಮ್ಮಲ್ಲಿ ಹಳೆಯ ತಾಮ್ರಪಟಗಳು ಗುಜರಿ ತೂಕಕ್ಕೆ ಹೋದದ್ದನ್ನು ನಾನು ಬಲ್ಲೆ. ಅದೂ ಇದೇ ಬಗೆಯ ನಷ್ಟ.

ವಿಯೆನ್ನಾ ವಿಶ್ವವಿದ್ಯಾಲಯದ ವಿದ್ವಾಂಸರು ರೇಟಿಕ್ ಬರಹಗಳನ್ನೆಲ್ಲ ಒಂದು ಡಿಜಿಟಲ್ ಭಂಡಾರದಲ್ಲಿ ಎಲ್ಲರಿಗೂ ತೆರೆದಿಟ್ಟಿದ್ದಾರೆ. ಶುಮಾಖರ್ ಮತ್ತು ಕೊರಿನ್ನಾ ಸಲೋಮೊನ್ ಅದರ ಮುಖ್ಯರು. ಬರಹದ ಚಿತ್ರ, ರೇಖಾಚಿತ್ರ, ಯಾರು ಯಾವಾಗ ಹೇಗೆ ಓದಿದರು, ಯಾವ ಅಕ್ಷರ ಅನುಮಾನದ್ದು ಎಂಬುದೆಲ್ಲ ಒಟ್ಟಿಗಿದೆ. ಅಕ್ಷರವೇ ಅಲ್ಲದ ಬರೀ ಗೀರುಗಳನ್ನೂ ಗೀರು ಎಂದೇ ದಾಖಲಿಸಿದ್ದಾರೆ. ಇದೇ ನನಗೆ ಅದರಲ್ಲಿ ಬಹಳ ಹಿಡಿಸಿದ ಸಂಗತಿ. ನಮ್ಮಲ್ಲಿ ಬೆಂಗಳೂರಿನ ಮಿಥಿಕ್ ಸೊಸೈಟಿ ಕಲ್ಲುಗಳನ್ನು 3ಡಿ ಸ್ಕ್ಯಾನ್ ಮಾಡಿ ಸಾರ್ವಜನಿಕರ ಮುಂದಿಡುತ್ತಿರುವುದು ಅದೇ ದಿಕ್ಕಿನ ಕೆಲಸ. ರಾಜ್ಯದ ಉಳಿದ ಜಿಲ್ಲೆಗಳಿಗೂ ಅದು ಹಬ್ಬಬೇಕು, ಅದಕ್ಕೆ ಸರ್ಕಾರ ಹಣ ಕೊಡಬೇಕು. ಓದಿದ ಪಾಠದ ಜೊತೆ ಓದಲಾಗದ ಭಾಗವನ್ನೂ, ಅನುಮಾನದ ಅಕ್ಷರಕ್ಕೆ ಹಾಕಿದ ಚೌಕ ಕಂಸವನ್ನೂ ಬಿಡದೆ ಅಚ್ಚುಹಾಕಬೇಕು. ಜನಪ್ರಿಯ ಆವೃತ್ತಿ ಎಂಬ ಹೆಸರಿನಲ್ಲಿ ಆ ಕಂಸಗಳನ್ನು ಒರೆಸಿಹಾಕಿದ ಪುಸ್ತಕಗಳು ನಮ್ಮಲ್ಲಿ ಬಂದಿವೆ. ಅವನ್ನೇ ನಂಬಿ ಸಂಶೋಧನಾ ಪ್ರಬಂಧ ಬರೆದು ತಂದ ವಿದ್ಯಾರ್ಥಿಗಳಿಗೆ ಮೂಲ ಪಡಿಯಚ್ಚು ತೋರಿಸಿ ಮತ್ತೆ ಮೊದಲಿನಿಂದ ಶುರುಮಾಡಿಸಬೇಕಾಗಿ ಬಂದದ್ದುಂಟು.

ಸಂಪಾದಕರಲ್ಲಿ ನನ್ನದೊಂದು ಕೋರಿಕೆ. ಸೆಂಬ್ರಾದ ಬಕೆಟ್ಟು ನಾಳೆ ಸಿಕ್ಕಿತು ಎಂದಿಟ್ಟುಕೊಂಡು, ಅದರ ಸುದ್ದಿಯನ್ನು ನಾನು ಹೀಗೆ ಬರೆಯುತ್ತೇನೆ, ಇಷ್ಟನ್ನೇ ಅಚ್ಚುಹಾಕಿ: ‘ಉತ್ತರ ಇಟಲಿಯ ಸೆಂಬ್ರಾ ಕಣಿವೆಯಲ್ಲಿ ಸಿಕ್ಕ ಕಂಚಿನ ಬಕೆಟ್ಟಿನ ಮೇಲೆ ರೇಟಿಕ್ ಭಾಷೆಯ ಸಾಲುಗಳಿವೆ. ಅವುಗಳಲ್ಲಿ ವ್ಯಕ್ತಿಗಳ ಹೆಸರುಗಳಿರುವಂತೆ ತೋರುತ್ತದೆ. ಒಂದು ಪದ ಭೂತಕಾಲದ ಕ್ರಿಯಾಪದವಿರಬಹುದು, ಅದರ ಅರ್ಥ ತಿಳಿದಿಲ್ಲ. ಲವಿಸ್ ಎಂಬುದು ಸಮೀಪದ ಊರಿನ ಹೆಸರಿರಬಹುದು ಎಂಬ ಅಭಿಪ್ರಾಯವಿದೆ. ವಿನು ಎಂಬುದನ್ನು ದ್ರಾಕ್ಷಾರಸ ಎನ್ನಲು ಸಾಕಷ್ಟು ಆಧಾರವಿಲ್ಲ. ಉಳಿದ ಅಕ್ಷರಗಳನ್ನು ಓದಲಾಗಿದೆ, ಅರ್ಥ ಹೇಳಲಾಗಿಲ್ಲ. ಬರಹದ ಚಿತ್ರ ಪಕ್ಕದಲ್ಲಿದೆ.’ ಚಿತ್ರವನ್ನು ದಯವಿಟ್ಟು ದೊಡ್ಡದಾಗಿ ಹಾಕಿ. ಬಲಗಡೆಯಿಂದ ಓದಬೇಕು ಎಂದು ಕೆಳಗೆ ಬರೆಯಿರಿ.